ಚಕ್ರವರ್ತಿಯ ಖಜಾನೆಯಲ್ಲಿ ಅತ್ತೆಯ ಕೊಡ

ಆ ವರ್ಷದ ದಸರೆಗೆ ಜಮಖಂಡಿಯನ್ನು ಕಾನ್‌ಸ್ಟಾಂಟಿನೋಪಲ್ ಮಾಡಿಯೇ ತೀರುತ್ತೇನೆ ಎಂದು ನಾನು ಶಪಥ ಮಾಡಿದೆ! ಶಪಥ ಮಾಡಿದ್ದು ಬಚ್ಚಲಮನೆಯಲ್ಲಿ, ತಲೆಗೆ ನೀರು ಹಾಕಿಕೊಳ್ಳುವಾಗ. ನನ್ನ ಬದುಕಿನ ದೊಡ್ಡ ನಿರ್ಧಾರಗಳೆಲ್ಲ ಅಲ್ಲಿಯೇ ಆಗಿವೆ. ಹೊರಗೆ ಬಂದ ಮೇಲೆ ನಿರ್ಧಾರ ಮಾಡುವವಳು ನನ್ನ ಹೆಂಡತಿ ಸರಿತಾ.

ನಾನು ಪ್ರೇಮಕುಮಾರ, ಕಾಲೇಜಿನಲ್ಲಿ ಇತಿಹಾಸ ಹೇಳುವವನು. ನಮ್ಮ ಕಾಲನಿಯ ನಾಡಹಬ್ಬದಲ್ಲಿ ಪ್ರತಿ ವರ್ಷ ಒಂದು ಐತಿಹಾಸಿಕ ರೂಪಕ ಇರುತ್ತದೆ. ಪ್ರತಿ ವರ್ಷವೂ ಅದೇ ರಾಜ, ಅದೇ ಶತ್ರು, ಅದೇ ರಟ್ಟಿನ ಖಡ್ಗ. ಹಿಂದಿನ ವರ್ಷ ಯುದ್ಧದ ನಡುವೆ ಖಡ್ಗ ಮಡಚಿತು. ರಾಜ ಅದನ್ನು ಮೊಣಕಾಲಿಗೆ ಒತ್ತಿ ನೆಟ್ಟಗೆ ಮಾಡಿಕೊಳ್ಳುವವರೆಗೆ ಶತ್ರು ಕೈಕಟ್ಟಿ ಕಾದು ನಿಂತ. ಜನ ಚಪ್ಪಾಳೆ ತಟ್ಟಿದ್ದು ಶತ್ರುವಿನ ತಾಳ್ಮೆಗೆ. ಅವತ್ತೇ ನನ್ನ ಹೊಟ್ಟೆ ಉರಿದಿತ್ತು.

ಈ ಸಲ ನಾನು ಆರಿಸಿಕೊಂಡಿದ್ದು ಯಾರೂ ಕಂಡು ಕೇಳರಿಯದ ವಿಷಯ. ಸಾವಿರ ವರ್ಷದ ಹಿಂದೆ ಕಾನ್‌ಸ್ಟಾಂಟಿನೋಪಲ್ ರಾಜಧಾನಿಯಾಗಿದ್ದ ಬೈಜಾಂಟಿಯಂ ಸಾಮ್ರಾಜ್ಯದ ಚಕ್ರವರ್ತಿಗಳಿಗೆ ತಮ್ಮವರ ಮೇಲೆಯೇ ನಂಬಿಕೆ ಇರಲಿಲ್ಲ. ಉತ್ತರದ ಹಿಮದ ನಾಡಿನಿಂದ ಹೊಳೆ ಹಿಡಿದು ದೋಣಿಯಲ್ಲಿ ಬಂದ ವೈಕಿಂಗರನ್ನು ಸಂಬಳ ಕೊಟ್ಟು ಮೈಗಾವಲಿಗೆ ಇಟ್ಟುಕೊಂಡರು. ಅದೇ ವರಂಗಿಯನ್ ಪಡೆ. ಎದೆಯವರೆಗೆ ಗಡ್ಡ, ಕೈಯಲ್ಲಿ ಆಳುದ್ದದ ಕೊಡಲಿ, ಒಡೆಯನಿಗಾಗಿ ಜೀವ ಕೊಡುವ ನಿಷ್ಠೆ. ಅವರದೊಂದು ವಿಚಿತ್ರ ಹಕ್ಕಿನ ಬಗ್ಗೆ ಹಳೆಯ ಕಥೆಗಳು ಹೇಳುತ್ತವೆ. ಚಕ್ರವರ್ತಿ ಸತ್ತ ಕೂಡಲೇ ಖಜಾನೆಗೆ ನುಗ್ಗಿ, ಒಬ್ಬೊಬ್ಬನೂ ತಾನು ಹೊರುವಷ್ಟು ಬಂಗಾರ ಒಯ್ಯಬಹುದಿತ್ತಂತೆ. ನನ್ನ ರೂಪಕದ ಕೊನೆಯ ದೃಶ್ಯ ಅದೇ.

ಇದನ್ನೆಲ್ಲ ಅಡುಗೆಮನೆಯ ಬಾಗಿಲಲ್ಲಿ ನಿಂತು ಸರಿತಾಳಿಗೆ ವಿವರಿಸಿದೆ. ಅವಳು ದಸರೆಯ ಸ್ವಚ್ಛತೆಯಲ್ಲಿದ್ದಳು. ನಮ್ಮ ಕಡೆ ದಸರೆಗೆ ಮುಂಚೆ ಮನೆಯಲ್ಲಿ ತೊಳೆಯದೆ ಉಳಿಯುವುದು ಗಂಡ ಒಬ್ಬನೇ. ಅಟ್ಟದ ಮೇಲಿನ ಹಿತ್ತಾಳೆ, ತಾಮ್ರವೆಲ್ಲ ಕೆಳಗಿಳಿದು, ಹುಣಸೆಹಣ್ಣಿನಿಂದ ಮೈ ತಿಕ್ಕಿಸಿಕೊಂಡು ಹೊಳೆಯುತ್ತಿದ್ದವು.

"ಅಲ್ರೀ, ಮನಿ ಮಂದೀನ ಬಿಟ್ಟು ಹೊರಗಿನಾವರ ಕೈಯಾಗ ಕೊಡ್ಲಿ ಕೊಟ್ಟು ಕುಂತಾನಲ್ಲ, ಅವ ಎಂಥಾ ಶಾಣ್ಯಾ?" ಎಂದಳು.

"ಅದು ರಾಜಕಾರಣ. ನಿನಗ ತಿಳಿಯೂದಿಲ್ಲ."

"ಸತ್ತ ದಿನಾನ ಮನಿ ದೋಚಿಕೊಂಡು ಹೋಗಾವರ್ನ ಕಾವಲಕ್ಕ ಇಟಗೊಳ್ಳೂದು ರಾಜಕಾರಣ ಏನ್ರಿ? ತಿಳಿಯಲಿಲ್ಲ ಬಿಡ್ರಿ."

ಇತಿಹಾಸದಲ್ಲಿ ಮಹಾಪುರುಷರನ್ನು ಅವರ ಮನೆಯವರು ಅರ್ಥ ಮಾಡಿಕೊಂಡ ಉದಾಹರಣೆ ಇಲ್ಲ.

ನಾಡಹಬ್ಬ ಸಮಿತಿಯ ಅಧ್ಯಕ್ಷರು ಬಸಗೊಂಡಪ್ಪನವರು. ಕಬ್ಬಿನ ದೊಡ್ಡ ಕುಳ, ವಯಸ್ಸಾದವರು, ಮಾತು ತೂಗಿ ಆಡುವವರು. ನನ್ನ ವೈಕಿಂಗರ ಕಥೆ ಪೂರಾ ಕೇಳಿ, ಅವರು ನಮ್ಮ ಪೈಕಿಯವರೇನು ಎಂದು ವಿಚಾರಿಸಿದರು. ಅಲ್ಲ ಎಂದೆ. ಹಾಗಾದರೆ ಜನಕ್ಕೆ ತಿಳಿಯುವಂತೆ ನಮ್ಮ ಮಾತಿನಲ್ಲಿ ಬಿಡಿಸಿ ಹೇಳಬೇಕು, ಅದೂ ವಿಜಯದಶಮಿಯ ದಿನ ಬನ್ನಿ ಮುಡಿಯುವ ಮುಂಚೆ ಮುಗಿಸಬೇಕು ಎಂದು ಅಪ್ಪಣೆ ಮಾಡಿದರು. ಬಿಡಿಸಿ ಹೇಳುವುದರಲ್ಲಿ ನನ್ನನ್ನು ಮೀರಿಸಿದವರು ಯಾರಿದ್ದಾರೆ? ಒಪ್ಪಿಕೊಂಡು ಬಂದೆ.

ವೈಕಿಂಗರನ್ನು ಒದಗಿಸಿದವನು ನಮ್ಮ ಕಾಲೇಜಿನ ಕ್ರೀಡಾ ಶಿಕ್ಷಕ ಶಿವಾಜಿ. ಅವನು ತಾಲೀಮಿನಲ್ಲಿ ಕುಸ್ತಿ ಕಲಿಸುತ್ತಾನೆ. ಅವನ ಪೈಲವಾನರು ಒಬ್ಬೊಬ್ಬರೂ ಬಾಗಿಲಿಗೆ ಅಡ್ಡ ನಿಂತರೆ ಕೋಣೆಗೆ ಬೆಳಕು ಬರುವುದಿಲ್ಲ. ಗಡ್ಡಕ್ಕೆ ಬನಹಟ್ಟಿಯ ಮಗ್ಗದವರ ಹತ್ತಿರ ಉಳಿಕೆ ನೂಲು ಬೇಡಿ ತಂದೆ. ಕೆಂಚು ಬಣ್ಣ ಕೇಳಿದ್ದೆ, ಅವರಲ್ಲಿ ಉಳಿದಿದ್ದು ಹಸಿರು. ಹಿಮದ ನಾಡಿನಲ್ಲಿ ಹಸಿರು ಗಡ್ಡ ಇರಲಿಲ್ಲ ಎನ್ನುವುದಕ್ಕೆ ಯಾರ ಬಳಿ ಏನು ಆಧಾರ ಇದೆ? ಉಕ್ಕಿನ ಅಂಗಿಗೆ ಸಕ್ಕರೆ ಚೀಲಗಳನ್ನು ಹೊಲಿಸಿ ಬೆಳ್ಳಿ ಬಣ್ಣ ಬಳಿಸಿದೆ. ಬಣ್ಣ ತೆಳುವಾಗಿ, ಶಿವಾಜಿಯ ಬೆನ್ನ ಮೇಲೆ "ನಿವ್ವಳ ತೂಕ ೫೦ ಕೆ.ಜಿ." ಎಂಬುದು ಎದ್ದು ಕಾಣುತ್ತಿತ್ತು. ಅವನ ಒಂದು ತೊಡೆಯ ತೂಕ ಅಷ್ಟಿದೆ. ಚಕ್ರವರ್ತಿ ಮಾತ್ರ ನಾನೇ. ಬೈಜಾಂಟಿಯಂನಲ್ಲಿ ನೇರಳೆ ಬಣ್ಣ ಅರಸರಿಗಷ್ಟೇ ಮೀಸಲು ಎಂದು ಹೇಳಿ, ಸರಿತಾಳ ನೇರಳೆ ರೇಷ್ಮೆ ಸೀರೆಯನ್ನು ನಿಲುವಂಗಿಯಾಗಿ ಸುತ್ತಿಕೊಳ್ಳುವ ಒಪ್ಪಿಗೆ ಪಡೆದೆ.

ಉಳಿದಿದ್ದು ಖಜಾನೆ. ಡಬ್ಬಿಗಳಿಗೆ ಬಂಗಾರದ ಬಣ್ಣದ ಕಾಗದ ಸುತ್ತಿ ನೋಡಿದೆ, ಪೇಢೆ ಅಂಗಡಿಯ ಹಾಗೆ ಕಂಡಿತು. ಆಗ ನನ್ನ ಕಣ್ಣು ಪಡಸಾಲೆಯಲ್ಲಿ ಹೊಳೆಯುತ್ತಿದ್ದ ಹಿತ್ತಾಳೆಯ ಮೇಲೆ ಬಿತ್ತು. ಒಂದು ತಾಸು ಕೊಡು, ಜಗತ್ತಿನ ಅತ್ಯಂತ ನಂಬಿಗಸ್ತ ಕಾವಲುಪಡೆ ನಿನ್ನ ಪಾತ್ರೆ ಬಾಂಡೆಗಳನ್ನು ಕಾಯುತ್ತದೆ ಎಂದು ಸರಿತಾಳ ಬೆನ್ನು ಬಿದ್ದೆ. ನಾಲ್ಕು ದಿನ ಬಿಡದೆ ಗಂಟುಬಿದ್ದ ಮೇಲೆ ಅವಳು ಸೋತಳು.

"ಪರಾತ ಒಯ್ರಿ, ತಪೇಲಿ ಒಯ್ರಿ, ಬೇಕಾದ್ದು ಒಯ್ರಿ. ಆದ್ರ ಅವ್ವನ ಕೊಡ ಮುಟ್ಟಬ್ಯಾಡ್ರಿ," ಎಂದಳು. ದನಿಯಲ್ಲಿ ತಮಾಷೆ ಇರಲಿಲ್ಲ.

ಆ ಕೊಡದ ಮಾತು ನಿಮಗೆ ಹೇಳಲೇಬೇಕು. ನನ್ನ ಅತ್ತೆ ತಾಯವ್ವ ಅನಗವಾಡಿ ಕಡೆಯ ಹೊಳೆಸಾಲಿನವರು. ಆಲಮಟ್ಟಿಯ ಹಿನ್ನೀರಿಗೆ ಅವರ ಊರು ಮುಳುಗಡೆಯಾಯಿತು. ಎಲ್ಲರೂ ಬಾಗಿಲು, ತೊಲೆ, ಹಂಚು ಬಿಚ್ಚಿಕೊಂಡು ಟ್ರ್ಯಾಕ್ಟರಿಗೆ ಹೇರುತ್ತಿದ್ದರೆ, ಅತ್ತೆ ಹೊಳೆಗೆ ಇಳಿದು ತಮ್ಮ ತಾಮ್ರದ ಕೊಡ ತುಂಬಿಕೊಂಡು, ಅದನ್ನು ಟೊಂಕದ ಮೇಲಿಟ್ಟುಕೊಂಡು ಹೊಸ ಊರಿನವರೆಗೆ ನಡೆದೇ ಬಂದರು. ಆ ನೀರಿನಲ್ಲಿಯೇ ಹೊಸ ಮನೆಯಲ್ಲಿ ಮೊದಲ ಒಲೆ ಹೊತ್ತಿಸಿ ಅನ್ನ ಮಾಡಿದರಂತೆ. ನಮ್ಮ ಮದುವೆಯಲ್ಲಿ ಆ ಕೊಡವನ್ನು ಮಗಳಿಗೆ ಕೊಟ್ಟರು. ಈಗಲೂ ನಮ್ಮ ಮನೆಗೆ ಬಂದರೆ ಅವರಿಗೆ ಅದೇ ಕೊಡದ ನೀರು ಬೇಕು. ಆ ದಸರೆಗೂ ವಿಜಯದಶಮಿಯ ಸಂಜೆಯ ಬಸ್ಸಿಗೆ ಬರುವವರಿದ್ದರು.

ಮುಟ್ಟುವುದಿಲ್ಲ ಎಂದು ಮಾತು ಕೊಟ್ಟೆ. ಕೊಟ್ಟಾಗ ಮನಸ್ಸು ಶುದ್ಧವಾಗಿಯೇ ಇತ್ತು.

ವಿಜಯದಶಮಿಯ ಮಧ್ಯಾಹ್ನ ಬಯಲಿನ ನಡುವೆ ತಾಡಪತ್ರಿ ಹಾಸಿ ಅರಮನೆ ಮಾಡಿದೆವು. ಒಂದು ಮಂಚ ಸಿಂಹಾಸನವಾಯಿತು. ಪಕ್ಕದಲ್ಲಿ ಬಾಂಡೆಗಳನ್ನು ಒಟ್ಟಿದೆವು. ಶಿವಾಜಿ ಭೇಷ್ ಎಂದ. ನನಗೆ ಸಮಾಧಾನ ಆಗಲಿಲ್ಲ. ರಾಶಿಗೆ ಶಿಖರ ಇರಲಿಲ್ಲ! ಬೋರಲು ಹಾಕಿದ ಬೋಗುಣಿಯನ್ನು ತುದಿಗಿಟ್ಟ ಖಜಾನೆಯನ್ನು ಯಾವ ವೈಕಿಂಗ್ ತಾನೇ ದೋಚಿಯಾನು? ಹತ್ತು ನಿಮಿಷ ಮನಸ್ಸಿನೊಡನೆ ಕುಸ್ತಿ ಹಿಡಿದೆ. ಬಿದ್ದವನು ನಾನು. ಮನೆಗೆ ಹೋದೆ. ಸರಿತಾ ಒಳಗೆ ಹೋಳಿಗೆ ಲಟ್ಟಿಸುತ್ತಿದ್ದಳು. ಹಿತ್ತಲ ಕಲ್ಲಿನ ಮೇಲೆ ಕೊಡ ಒಣಗುತ್ತಿತ್ತು. ಅದನ್ನು ನೇರಳೆ ಸೀರೆಯೊಳಗೆ ಸೇರಿಸಿಕೊಂಡು ಹಿಂಬಾಗಿಲಿನಿಂದ ಹೊರಬಿದ್ದೆ. ಬಸ್ಸು ಎಂದಾದರೂ ಹೊತ್ತಿಗೆ ಸರಿಯಾಗಿ ಬಂದದ್ದುಂಟೇ? ಅತ್ತೆ ಬರುವುದರೊಳಗೆ ಕೊಡ ಕಲ್ಲಿನ ಮೇಲೆ ಇದ್ದರಾಯಿತು ಎಂದುಕೊಂಡೆ.

ಓಣಿಯಲ್ಲಿ ಪಕ್ಕದ ಮನೆಯ ಕೆಂಪವ್ವ ಎದುರಾದಳು. ಮುಂಜಾನೆ ಇಲ್ಲದ ಹೊಟ್ಟೆ ಈಗೆಲ್ಲಿಂದ ಬಂತು ಎಂದು ದಿಟ್ಟಿಸಿ ನೋಡಿದಳು. ಚಕ್ರವರ್ತಿ ಅಂದರೆ ಹೊಟ್ಟೆ ಇರಲೇಬೇಕವ್ವ ಎಂದು ಗಂಭೀರವಾಗಿ ಹೇಳಿ ದಾಟಿಕೊಂಡೆ.

ಸಂಜೆ ಬಯಲು ತುಂಬಿತು. ಜನರೆಲ್ಲ ಹೊಸ ಬಟ್ಟೆ ತೊಟ್ಟು, ಬನ್ನಿ ಮುಡಿಯಲು ತಯಾರಾಗಿಯೇ ಬಂದಿದ್ದರು. ಬಯಲಿನ ಆ ತುದಿಗೆ ಬನ್ನಿಯ ಟೊಂಗೆ ನೆಟ್ಟು ಪೂಜೆ ಮಾಡಿದ್ದರು. ನಮ್ಮಲ್ಲಿ ಹಲಗೆಯ ವಾದ್ಯ ಜೋರಾಗಿ ಬಡಿದು, ಹಿರಿಯರೊಬ್ಬರು "ಹರ ಹರ ಮಹಾದೇವ" ಎಂದು ಕೂಗಿದ್ದೇ ತಡ, ಜನ ಬನ್ನಿಗೆ ಮುಗಿಬಿದ್ದು ಎಲೆ ಕಿತ್ತುಕೊಳ್ಳುತ್ತಾರೆ. ಬಂಗಾರ ಲೂಟಿ ಎಂದರೆ ಅದೇ. ಆಮೇಲೆ ಆ ಬಂಗಾರವನ್ನು ಮನೆ ಮನೆಗೆ ಒಯ್ದು ಹಿರಿಯರ ಕೈಗಿಟ್ಟು ನಮಸ್ಕಾರ ಮಾಡುವುದು ಪದ್ಧತಿ.

ನಾನು ಮೈಕು ಹಿಡಿದೆ. ಜನಕ್ಕೆ ತಿಳಿಯುವಂತೆ ಬಿಡಿಸಿ ಹೇಳಬೇಕಲ್ಲ! "ಬಂಧುಗಳೇ, ಬೈಜಾಂಟಿಯಂನವರು ನಮ್ಮ ಹಾಗೆಯೇ. ನಾವು ಬನ್ನಿ ಬಂಗಾರ ಲೂಟಿ ಮಾಡುತ್ತೇವೆ, ಅವರು ಖಜಾನೆ ಲೂಟಿ ಮಾಡುತ್ತಿದ್ದರು. ರಾಜ ಸತ್ತ ಕೂಡಲೇ ಯಾರು ಎಷ್ಟು ಹೊರುತ್ತಾರೋ ಅಷ್ಟು ಅವರದು. ಅದು ಕಳವಲ್ಲ, ಪದ್ಧತಿ," ಎಂದೆ. ಜನ ತಲೆದೂಗಿದರು. ನನ್ನ ಇಷ್ಟು ವರ್ಷದ ಮಾಸ್ತರಿಕೆಯಲ್ಲಿ ಒಂದು ಪಾಠ ಅಷ್ಟು ಚೆನ್ನಾಗಿ ತಲೆಗೆ ಹೋದದ್ದು ಅದೇ ಮೊದಲು.

ಹಲಗೆಯವರನ್ನೂ ನಾನೇ ಒಪ್ಪಿಸಿದ್ದೆ. ಬನ್ನಿಗೆಂದು ಬಂದವರು, ಚಕ್ರವರ್ತಿಯ ಸಾವಿಗೂ ಒಂದು ಕೈ ಬಡಿಯಲಿ ಎಂದು.

ರೂಪಕ ಶುರುವಾಯಿತು. ಹಸಿರು ಗಡ್ಡದ ಪೈಲವಾನರು ನನ್ನ ಮಂಚ ಸುತ್ತುವರಿದು ನಿಂತರು. ನಾನು ಕಾಯಿಲೆ ಬಿದ್ದು ಸಾಯತೊಡಗಿದೆ. ಸಾಯುವ ಮಾತುಗಳನ್ನು ಬಹಳ ಮುತುವರ್ಜಿಯಿಂದ ಬರೆದಿದ್ದೆ. ಸಾಮ್ರಾಜ್ಯದ ಭೂತ, ವರ್ತಮಾನ, ಭವಿಷ್ಯ ಎಲ್ಲವೂ ಅದರಲ್ಲಿ ಬರುತ್ತಿದ್ದವು. ವರ್ತಮಾನದ ನಡುವೆ ಇದ್ದಾಗ ಶಿವಾಜಿ ನನ್ನ ಕಿವಿಯ ಹತ್ತಿರ ಬಾಗಿದ.

"ಸರ, ಲಗೂ ಸಾಯ್ರಿ. ಗಡ್ಡ ಕಳಚಾಕತ್ತೈತಿ."

ಕಲೆಗಾಗಿ ಭವಿಷ್ಯವನ್ನು ಕೈಬಿಟ್ಟೆ. ಮಂಚದಿಂದ ತಾಡಪತ್ರಿಯ ಮೇಲೆ ಉರುಳಿ, ಕೈ ಚಾಚಿ, ಕಣ್ಣು ಮುಚ್ಚಿದೆ. ಹಲಗೆ ಗುಡುಗಿತು. ಈಗ ಶಿವಾಜಿ ಕೊಡಲಿ ಎತ್ತಿ ವೈಕಿಂಗರ ರಣಘೋಷ ಮಾಡಬೇಕು. ಅದನ್ನು ನಾನು ಒಂದು ವಾರ ಕಲಿಸಿದ್ದೆ. ಜನರನ್ನು ಕಂಡು ಅವನಿಗೆ ಅದು ಮರೆತುಹೋಯಿತು. ಬಾಯಿಗೆ ಬಂದದ್ದನ್ನು ಎದೆ ತುಂಬಿ ಕೂಗಿದ.

"ಹರ ಹರ ಮಹಾದೇವ!"

ಇಡೀ ಬಯಲು ಎದ್ದು ನಿಂತಿತು. ಹಲಗೆ ಬಡಿದಿದೆ, ಘೋಷ ಆಗಿದೆ, ರಾಜ ಸತ್ತಿದ್ದಾನೆ, ಕಣ್ಣೆದುರು ಬಂಗಾರದಂತೆ ಹೊಳೆಯುವ ರಾಶಿ ಇದೆ, ಇದು ಪದ್ಧತಿ ಎಂದು ಪ್ರೊಫೆಸರರೇ ಮೈಕಿನಲ್ಲಿ ಹೇಳಿದ್ದಾರೆ. ಇನ್ನೇನು ಬೇಕು? ಜನ ನುಗ್ಗಿದರು!

ನಾನು ಸತ್ತೇ ಇದ್ದೆ. ಎದ್ದು ಕೂಗಬೇಕು ಎನಿಸಿತು ನಿಜ. ಆದರೆ ಸತ್ತ ಚಕ್ರವರ್ತಿ ಎದ್ದು "ತಪೇಲಿ ಬಿಡ್ರೋ" ಎಂದರೆ ಇತಿಹಾಸ ಕ್ಷಮಿಸುತ್ತದೆಯೇ? ರಟ್ಟಿನ ಖಡ್ಗದ ಅವಮಾನ ನೆನಪಾಯಿತು. ಏನಾದರಾಗಲಿ, ಮಿಸುಕುವುದಿಲ್ಲ ಎಂದು ಹಲ್ಲು ಕಚ್ಚಿ ಮಲಗಿದೆ. ಕಿವಿಯಲ್ಲಿ ನನ್ನ ಸಂಸಾರ ಖಣಖಣ ಎನ್ನುತ್ತ ನಾಲ್ಕೂ ದಿಕ್ಕಿಗೆ ಹೊರಟಿತ್ತು. ಯಾರೋ ನನ್ನ ಹೊಟ್ಟೆಯ ಮೇಲಿಂದ ದಾಟಿದರು. ಒಂದು ಹೆಜ್ಜೆ ಮುಂದೆ ಹೋಗಿ ನಿಂತರು. ಮತ್ತೆ ತಿರುಗಿ ಈ ಕಡೆಗೆ ದಾಟಿದರು. ಆಮೇಲೆ ನನ್ನ ತಲೆಯ ಕಡೆಯಿಂದ ಸುತ್ತು ಹಾಕಿಕೊಂಡು ಹೋದರು. ಲೂಟಿಯ ಗದ್ದಲದಲ್ಲಿಯೂ ಇಷ್ಟು ಶಿಸ್ತು ಯಾರಿಗಪ್ಪಾ ಎಂದು ಸತ್ತಲ್ಲಿಯೇ ಬೆರಗಾದೆ.

ಸದ್ದು ಅಡಗಿದ ಮೇಲೆ ಕಣ್ಣು ತೆರೆದೆ. ತಾಡಪತ್ರಿ ಬರಿದಾಗಿತ್ತು, ಆ ತುದಿಯ ಬನ್ನಿಯ ಟೊಂಗೆಯೂ ಬೋಳಾಗಿತ್ತು. ಜಗತ್ತಿನ ಅತ್ಯಂತ ನಂಬಿಗಸ್ತ ಕಾವಲುಪಡೆ ಒಂದು ಡಬ್ಬಿಯ ಮುಚ್ಚಳ ಹಿಡಿದುಕೊಂಡು ನಿಂತಿತ್ತು. ಶಿವಾಜಿ ಪಕ್ಕೆ ತಿಕ್ಕಿಕೊಳ್ಳುತ್ತಿದ್ದ.

"ಕೊಡಾ ಎಲ್ಲೋ?"

"ಅದಕ್ಕ ಕೈ ಹಚ್ಚಿದ್ದೆ ಸರ. ಯಾರೋ ಮೊಣಕೈಲೆ ಇಲ್ಲಿ ಗುದ್ದಿದ್ರು. ಅಂಥಾ ಡಾವ ನಾ ಕುಸ್ತ್ಯಾಗೂ ಕಂಡಿಲ್ಲ. ಕಣ್ಣಿಗೆ ಕತ್ತಲಿ ಬಂತು, ಕೊಡಾ ಹೋತು."

ಬಾಂಡೆ ಹೋದರೆ ಹೋಗಲಿ, ಅವುಗಳ ಮೇಲೆ ಹೆಸರು ಹಾಕಿಸಿದ್ದೇವೆ, ಎಲ್ಲಿದ್ದರೂ ಮನೆಗೆ ಬರುತ್ತವೆ. ಕೊಡಕ್ಕೆ ಹೆಸರಿರಲಿಲ್ಲ. ಅತ್ತೆಯ ಹೊಳೆ ಹೋಯಿತು, ಊರು ಹೋಯಿತು, ಉಳಿದಿದ್ದ ಒಂದನ್ನು ಅಳಿಯ ಕಳೆದ. ನಾಟಕದ ಸಾವಿಗಿಂತ ಇದು ಕೆಟ್ಟದಾಗಿತ್ತು. ಕೊಡ ಸಿಗುವವರೆಗೆ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಎರಡನೆಯ ಶಪಥ ಮಾಡಿದೆ.

ಶಿವಾಜಿಯ ಗಾಡಿ ಏರಿದೆ. ಮುಂದೆ ಹಸಿರು ಗಡ್ಡದ ವೈಕಿಂಗ್, ಹಿಂದೆ ನೇರಳೆ ಸೀರೆಯ ಚಕ್ರವರ್ತಿ. ಆದರೆ ವಿಜಯದಶಮಿಯ ಸಂಜೆ ನಮ್ಮೂರಲ್ಲಿ ಯಾರ ಮನೆಗಾದರೂ ಹೋಗಿ ನೇರವಾಗಿ "ನಮ್ಮ ಕೊಡ ಐತೇನು" ಎಂದು ಕೇಳಲಾಗುತ್ತದೆಯೇ? ಮೊದಲು ಬನ್ನಿ ಕೊಡಬೇಕು, ಅಪ್ಪಿಕೊಳ್ಳಬೇಕು, "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ" ಎನ್ನಬೇಕು, ಕುಳಿತು ಹೋಳಿಗೆ ತಿನ್ನಬೇಕು. ಕೆಂಪವ್ವ ನಮ್ಮ ತಪೇಲಿಯನ್ನು ದೇವರ ಮುಂದಿಟ್ಟು ಪೂಜೆ ಮಾಡಿದ್ದಳು. ಕುಂಕುಮ ಒಣಗಿದ ಮೇಲೆ ತಾನೇ ತಂದುಕೊಡುತ್ತೇನೆ ಎಂದು ಹೇಳಿ ಹೋಳಿಗೆ ಬಡಿಸಿದಳು. ಬಸಗೊಂಡಪ್ಪನವರ ಪಡಸಾಲೆಯಲ್ಲಿ ನಮ್ಮ ಪರಾತ ಗೋಡೆಗೆ ಒರಗಿ ನಿಂತಿತ್ತು.

"ನೀವ ಹೇಳಿದ್ರಲ್ಲರಿ ಸರ, ಹೊತ್ತಷ್ಟು ಒಯ್ಯೂದು ಪದ್ಧತಿ ಅಂತ," ಎಂದು ಅವರು ಸಂಕೋಚದಿಂದ ಹೇಳಿದರು. "ನನಗ ಈ ವಯಸ್ಸಿನ್ಯಾಗ ಇಷ್ಟ ಹೊರಾಕ ಆತು."

ಅವರ ಮನೆಯಲ್ಲಿಯೂ ಹೋಳಿಗೆ ತಿಂದೆ. ಮನೆಯಿಂದ ಮನೆಗೆ ನನ್ನ ಹೊಟ್ಟೆ ಮತ್ತೆ ಚಕ್ರವರ್ತಿಯದಾಯಿತು. ಸೀರೆಯ ಮಡಿಲಲ್ಲಿ ಬನ್ನಿಯ ಬಂಗಾರ ತುಂಬಿ ಸೋರತೊಡಗಿತು. ಕೊಡದ ಸುಳಿವು ಮಾತ್ರ ಇಲ್ಲ. ಕೊನೆಗೆ ಬಸ್ ನಿಲ್ದಾಣಕ್ಕೆ ಹೋಗಿ ವಿಚಾರಿಸಿದೆ. ಹಬ್ಬದ ದಿನ ದಾರಿಯಲ್ಲಿ ಹತ್ತುವವರು ಇಳಿಯುವವರು ಇರಲಿಲ್ಲ, ಹಾಗಾಗಿ ಅನಗವಾಡಿ ಕಡೆಯ ಬಸ್ಸು ಹೊತ್ತಿಗೆ ಮುಂಚೆಯೇ ಬಂದು ಹೋಯಿತು ಎಂದರು. ನನ್ನ ಜೀವಮಾನದಲ್ಲಿ ಆ ಬಸ್ಸು ಬೇಗ ಬಂದದ್ದು ಅದೊಂದೇ ದಿನ!

ಶಪಥ ಮುರಿದು ಮನೆಯ ಕಡೆ ಹೊರಟೆ. ಓಣಿಯ ತುದಿಯಲ್ಲಿ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಬೇಕು ಎಂದು ನಿರ್ಧಾರ ಮಾಡಿದೆ. ನಮ್ಮ ಗೇಟು ಬರುವಷ್ಟರಲ್ಲಿ ಒಂದು ಒಳ್ಳೆಯ ಸುಳ್ಳು ಹೊಳೆಯಿತು.

ಪಡಸಾಲೆಯಲ್ಲಿ ಬಾಂಡೆಗಳೆಲ್ಲ ಮರಳಿ ಬಂದು ಕುಳಿತಿದ್ದವು. ಹಬ್ಬದ ಬಂಗಾರವನ್ನು ಹಿರಿಯರ ಮನೆಗೆ ಮುಟ್ಟಿಸುವುದು ಪದ್ಧತಿಯಲ್ಲವೇ? ಜನ ಒಂದೊಂದನ್ನೂ ತಂದು, ಒಳಗೆ ಬನ್ನಿ ಎಲೆ ಹಾಕಿ, ಸರಿತಾಳಿಗೆ ಒಪ್ಪಿಸಿ ಹೋಗಿದ್ದರು.

"ಎಲ್ಲಾ ಬಂದಾವ್ರಿ," ಎಂದಳು ಸರಿತಾ. "ಸೌಟೊಂದು ಹೆಚ್ಚಿಗಿನ ಬಂದೈತಿ. ಯಾರದಂತ ಕೇಳಬೇಕು."

"ಅತ್ತಿಯವರು ಬಂದ್ರೇನು?"

"ಬಂದಾಳ. ಹಿತ್ತಲದಾಗ ಅದಾಳ. ಅವ್ವನ ಕೊಡ ಎಲ್ಲೈತ್ರಿ?"

"ಅದು... ಕಲಾಯಿ ಹಾಕಸಾಕ ಕೊಟ್ಟೇನಿ."

"ಹಬ್ಬದ ದಿನ ಯಾವ ಕಲಾಯಿಯಾವ ಅಂಗಡಿ ತಗದಿದ್ದ?"

"ನನ್ನ ಸಲುವಾಗಿ ತಗದ."

ಸರಿತಾ ನನ್ನ ಮುಖವನ್ನೇ ನೋಡಿದಳು. ಆ ನೋಟದ ಮುಂದೆ ಕೊಡಲಿ ಹಿಡಿದ ಸೈನ್ಯ ಎಷ್ಟರದು? ನನ್ನ ಸುಳ್ಳು ಅಲ್ಲಿಯೇ ಕುಸಿಯಿತು. ಮಡಿಲಿನ ಬನ್ನಿಯೆಲ್ಲ ನೆಲಕ್ಕೆ ಚೆಲ್ಲಿತು. ಕೊಟ್ಟ ಮಾತು ಮುರಿದು ಕೊಡ ಒಯ್ದವನು ನಾನೇ, ಇಡೀ ಊರು ಹುಡುಕಿದರೂ ಸಿಗಲಿಲ್ಲ, ಅತ್ತೆಯವರಿಗೆ ಯಾವ ಮುಖ ತೋರಿಸಲಿ ಎಂದೆ.

ಸರಿತಾ ಹಿತ್ತಲ ಕಡೆ ತಿರುಗಿ ಅವ್ವನನ್ನು ಕರೆದಳು. ಹಿಂಬಾಗಿಲಿನಿಂದ ಅತ್ತೆ ಬಂದರು. ಟೊಂಕದ ಮೇಲೆ ಕೊಡ. ನಳದ ನೀರು ತುಂಬಿ ತುಳುಕುತ್ತಿತ್ತು.

"ಬರ್ರಿ ಅಳಿಯಂದ್ರ," ಎಂದರು. "ಸಾಯೂದು ಛಲೋ ಮಾಡಿದ್ರಿ."

ಬಸ್ಸಿಳಿದು ಬರುವ ದಾರಿಯಲ್ಲಿ ಬಯಲಿನಲ್ಲಿ ಜನ ಕಂಡು ನಿಂತರಂತೆ. ಅಳಿಯ ಮಗಳ ಸೀರೆ ಉಟ್ಟು ಮಲಗಿದ್ದಾನೆ, ಬಾಂಡೆಗಳ ತುದಿಗೆ ತಮ್ಮ ಕೊಡ ಕುಳಿತಿದೆ. ಅಷ್ಟರಲ್ಲಿ ಹಲಗೆ ಬಡಿಯಿತು. ಹಸಿರು ಗಡ್ಡದ ದಾಂಡಿಗನೊಬ್ಬ ಕೊಡಕ್ಕೆ ಕೈ ಹಾಕಿದ. ಮುಂದಿನದನ್ನು ಶಿವಾಜಿಯ ಪಕ್ಕೆ ಹೇಳಿತ್ತು. ಕೊಡ ಎತ್ತಿಕೊಂಡು ಅವರು ನೆಟ್ಟಗೆ ಮನೆಗೆ ಬಂದಿದ್ದರು. ನಾನು ಕೆಂಪವ್ವನ ಹೋಳಿಗೆ ತಿನ್ನುವ ಹೊತ್ತಿಗೆ ಇಲ್ಲಿ ಅದೇ ಕೊಡದ ನೀರಿನಲ್ಲಿ ಚಹಾ ಆಗಿತ್ತು.

"ಹೊಳಿ ಬಂದಾಗ ಬಿಡಲಿಲ್ಲ ನಾ ಇದನ್ನ," ಎಂದರು ಅತ್ತೆ, ಕೊಡ ಇಳಿಸುತ್ತ. "ಯಾವದೋ ಊರ ರಾಜಾ ಸತ್ತಾಂದ್ರ ಬಿಡ್ತೇನೇನು?"

ಸರಿತಾ ನನ್ನ ಕಡೆ ನೋಡಿ, ಚಕ್ರವರ್ತಿಗೆ ಈಗಲಾದರೂ ರಾಜಕಾರಣ ತಿಳಿಯಿತೇ ಎಂದು ಕೇಳಿದಳು. ನಾನು ನೆಲದ ಮೇಲೆ ಚೆಲ್ಲಿದ್ದ ಬನ್ನಿಯಲ್ಲಿ ಒಂದು ಒಳ್ಳೆಯ ಎಲೆ ಆರಿಸಿ, ಅತ್ತೆಯ ಕೈಗಿಟ್ಟು, ನೇರಳೆ ಸೀರೆಯಲ್ಲಿಯೇ ಅವರ ಕಾಲಿಗೆರಗಿದೆ. ಅವರು ತಲೆ ಮುಟ್ಟಿ ಹರಸಿದರು. ಆಮೇಲೆ ಏನೋ ನೆನಪಾದವರಂತೆ ದನಿ ತಗ್ಗಿಸಿದರು.

"ಇನ್ನೊಂದು ಮಾತ್ರಿ, ತಪ್ಪು ತಿಳಕೋಬ್ಯಾಡ್ರಿ. ಅವಸರದಾಗ ನಿಮ್ಮನ್ನ ದಾಟೀನಿ. ಮಲಗಿದಾವರ್ನ ದಾಟಿದ್ರ ಬೆಳಿಯೂದಿಲ್ಲಂತಾರ. ಅದಕ್ಕ ಹೊಳ್ಳಿ ದಾಟಿ, ಸುತ್ತ ಹಾಕಿ ಬಂದೆ. ನಿಮಗ ಇನ್ನೂ ಬೆಳಿಯೂದು ಭಾಳ ಐತಿ."